ಹೆಣ್ಣು, ನೆಲ, ನೀರು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯ ಹಳ್ಳಿಗಳಲ್ಲಿ, ಮೈಸೂರಿನ ಕಾಲೇಜುಗಳಲ್ಲಿ ಮಾತಾಡಲು ಹೋದಾಗ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೆಲವು ಪತ್ರದಲ್ಲಿ ಬಂದವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲ ಪ್ರಶ್ನೆಗಳು

ಸ್ತ್ರೀವಾದಕ್ಕೂ ಪರಿಸರಕ್ಕೂ ಎತ್ತಣಿಂದೆತ್ತ ಸಂಬಂಧ ಮೇಡಂ?

ಊರಿನ ಬೋರ್‌ವೆಲ್ ಬತ್ತಿದ ದಿನ ಅದು ಮೊದಲು ಗೊತ್ತಾಗುವುದು ಯಾರಿಗೆ? ಕೊಡ ಹಿಡಿದು ಹೋದವಳಿಗೆ. ಬದುವಿನಲ್ಲಿ ಹುಲ್ಲು ಒಣಗಿದ್ದು ಮೊದಲು ಕಾಣುವುದು ಹಸುವಿಗೆ ಮೇವು ಹೊರುವವಳಿಗೆ. ನೀರು ಕೆಟ್ಟು ಮಗುವಿಗೆ ಭೇದಿ ಹಿಡಿದರೆ ರಾತ್ರಿಯಿಡೀ ಎದ್ದಿರುವವಳೂ ಅವಳೇ. ನೀರು, ಮೇವು, ಸೌದೆ, ಅಡುಗೆ, ಆರೈಕೆ ನಮ್ಮಲ್ಲಿ ಹೆಂಗಸರ ಪಾಲಿಗೆ ಬಂದಿರುವುದರಿಂದ, ನೆಲಕ್ಕೆ ಬಿದ್ದ ಪೆಟ್ಟು ಅವರ ಮೈಗೆ ಬೇಗ ತಾಕುತ್ತದೆ.

ಆದರೆ ಬೋರ್ ಎಲ್ಲಿ ಕೊರೆಸಬೇಕು, ಗದ್ದೆಗೆ ಯಾವ ಬೆಳೆ ಇಡಬೇಕು, ಕೆರೆಯನ್ನು ಯಾರಿಗೆ ಗುತ್ತಿಗೆ ಕೊಡಬೇಕು ಅನ್ನುವ ಮಾತು ಅರಳಿಕಟ್ಟೆಯ ಮೇಲೆ ನಡೆಯುವಾಗ ಅವರು ಅಲ್ಲಿರುವುದಿಲ್ಲ. ಪೆಟ್ಟು ತಿನ್ನುವವರು ಒಬ್ಬರು, ತೀರ್ಮಾನ ಮಾಡುವವರು ಇನ್ನೊಬ್ಬರು. ಎರಡೂ ಚಿಂತನೆಗಳು ಕೂಡುವುದು ಈ ಜಾಗದಲ್ಲಿ.

ಇದು ಹೊರದೇಶದಿಂದ ಬಂದ ಮಾತಲ್ವಾ?

ಪದ ಹೊರಗಿನದೇ. ಫ್ರಾನ್ಸಿನ ಫ್ರಾನ್ಸ್ವಾಸ್ ದೋಬಾನ್ 1974ರಲ್ಲಿ ‘ಇಕೋಫೆಮಿನಿಸಂ’ ಅನ್ನುವ ಪದವನ್ನು ಟಂಕಿಸಿದರು. ನಾವು ಅದನ್ನು ಪರಿಸರ ಸ್ತ್ರೀವಾದ ಅನ್ನುತ್ತೇವೆ. ಅದೇ 1974ರ ಮಾರ್ಚ್ 26ರಂದು ಹಿಮಾಲಯದ ರೇಣಿ ಹಳ್ಳಿಯಲ್ಲಿ ಗೌರಾದೇವಿ ಮತ್ತು ಅವರ ಜೊತೆಯ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದು ನಿಂತರು. ಅವರಿಗೆ ಈ ಪದ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಹೆಸರು ಒಂದು ಕಡೆ ಹುಟ್ಟಿತು, ಕೆಲಸ ಬೇರೆ ಬೇರೆ ಕಡೆ ಆಗಲೇ ನಡೆಯುತ್ತಿತ್ತು.

ಹೆಂಗಸರು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರ. ಹೆರುತ್ತಾರೆ, ಹಾಲೂಡಿಸುತ್ತಾರೆ. ಅದನ್ನೇ ತಾನೇ ನೀವು ಹೇಳೋದು?

ನಾನು ಹಾಗೆ ಹೇಳುವುದಿಲ್ಲ. ಹೇಳುವವರು ಇದ್ದಾರೆ. ವಂದನಾ ಶಿವ 1980ರ ದಶಕದಿಂದ ಹೆಣ್ಣು ಮತ್ತು ಪ್ರಕೃತಿಯನ್ನು ಒಂದೇ ಸೃಷ್ಟಿಶಕ್ತಿಯ ಎರಡು ಮುಖಗಳ ಹಾಗೆ ನೋಡಿ ಬರೆದರು. ಹಸಿರು ಕ್ರಾಂತಿ ಯಾರ ಕೈಯಿಂದ ಏನನ್ನು ಕಿತ್ತುಕೊಂಡಿತು ಅನ್ನುವುದನ್ನು ಅವರಷ್ಟು ಗಟ್ಟಿಯಾಗಿ ಕೇಳಿದವರು ಕಡಿಮೆ. ಆ ಋಣ ನನಗಿದೆ. ಆದರೆ 1992ರಲ್ಲಿ ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಎತ್ತಿದ ತಕರಾರು ನನಗೆ ಜಾಸ್ತಿ ಸರಿ ಅನ್ನಿಸುತ್ತದೆ. ಎಲ್ಲ ಹೆಂಗಸರೂ ಒಂದೇ ಅಲ್ಲ ಅಂದರು ಅವರು. ಯಾರು ಯಾವ ಕೆಲಸ ಮಾಡುತ್ತಾರೆ, ಯಾರ ಹೆಸರಿನಲ್ಲಿ ಏನಿದೆ, ಯಾರು ಯಾವುದನ್ನು ನಂಬಿ ಬದುಕುತ್ತಾರೆ, ಅದರಿಂದ ಈ ನಂಟು ಹುಟ್ಟುತ್ತದೆ ಅಂದರು.

ನಮ್ಮೂರಲ್ಲೇ ನೋಡಿ. ಹತ್ತು ಎಕರೆ ಕಬ್ಬಿನ ಒಡತಿಗೂ ಅವಳ ಗದ್ದೆಗೆ ನಾಟಿಗೆ ಬರುವ ಕೂಲಿಯವಳಿಗೂ ನೆಲದ ಪರಿಚಯ ಒಂದೇ ಥರದ್ದಾ? ಇಬ್ಬರೂ ಹೆತ್ತವರೇ. ಹಿಮ್ಮಡಿ ಒಡೆದಿರುವುದು ಮಾತ್ರ ಒಬ್ಬಳದು. ಹುಟ್ಟಿನಿಂದ ಹತ್ತಿರ ಅಂತ ಒಪ್ಪಿಬಿಟ್ಟರೆ ಇನ್ನೊಂದು ತೊಂದರೆಯೂ ಇದೆ. ಹಾಗಾದರೆ ಕೆರೆ, ಗಿಡ, ಕಸ ಎಲ್ಲ ನೀವೇ ನೋಡಿಕೊಳ್ಳಿ ಅಂತ ಗಂಡಸರು ಎದ್ದು ಹೋಗುತ್ತಾರೆ.

ಭೂಮಿತಾಯಿ, ಕಾವೇರಿತಾಯಿ ಅಂತೀವಿ. ಇದಕ್ಕಿಂತ ಗೌರವ ಬೇಕಾ?

ಈ ಪ್ರಶ್ನೆ ಕೇಳುವವರ ಭಕ್ತಿ ನಿಜವಾದದ್ದು. ನನ್ನದೂ ಅದೇ ಭಕ್ತಿ. ಕನ್ನಂಬಾಡಿ ಕಟ್ಟೆ ತುಂಬಿ ನೀರು 124.80 ಅಡಿ ಮುಟ್ಟಿತು ಅಂದ ದಿನ ಮಂಡ್ಯದವರ ಎದೆಯಲ್ಲಿ ಆಗುವುದೇನು ಅಂತ ಹೊರಗಿನವರಿಗೆ ಹೇಳುವುದು ಕಷ್ಟ.

ಆದರೆ ತಾಯಿ ಅಂದಾಗ ನಾವು ಏನನ್ನು ನಿರೀಕ್ಷಿಸುತ್ತೇವೆ? ಕೇಳಿದಾಗಲೆಲ್ಲ ಕೊಡಬೇಕು, ಬೇಜಾರು ಮಾಡಿಕೊಳ್ಳಬಾರದು, ಕ್ಷಮಿಸಬೇಕು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಒಂದು ಬೆಳಿಗ್ಗೆ ಹೋಗಿ ನಿಲ್ಲಿ. ಅಸ್ಥಿ ಬಿಟ್ಟ ಮೇಲೆ ಜನ ಉಟ್ಟ ಬಟ್ಟೆಯನ್ನೂ ಅಲ್ಲೇ ಬಿಟ್ಟು ಹೋಗುತ್ತಾರೆ. ಬಂಡೆಯ ಸಂದಿಯಲ್ಲಿ ಸೀರೆ ಸಿಕ್ಕಿಕೊಂಡು ಪಾಚಿ ಕಟ್ಟಿರುತ್ತದೆ. ಬಿಡುವಾಗಲೂ ಬಾಯಲ್ಲಿ ‘ತಾಯಿ’ ಅಂತಲೇ ಇರುತ್ತದೆ.

ಭಾಷೆಯಲ್ಲೂ ಇದು ಕೂತಿದೆ. ಬೆಳೆ ಕೊಡದ ನೆಲ ಬಂಜೆ, ಮಗು ಹೆರದ ಹೆಂಗಸೂ ಬಂಜೆ. ಕೊಟ್ಟರೆ ತಾಯಿ, ಕೊಡದಿದ್ದರೆ ಶಾಪ. ತುಂಬಿದ ನದಿಗೆ ಬಾಗಿನ ಕೊಡುತ್ತೇವೆ, ಮುತ್ತೈದೆಗೆ ಕೊಟ್ಟ ಹಾಗೆ. ಹೊಳೆ ಬತ್ತಿದ ವರ್ಷ ಬಾಗಿನವೂ ಇಲ್ಲ, ಗಂಡ ಸತ್ತವಳಿಗೆ ಇಲ್ಲದ ಹಾಗೆ. ತಾಯಿ ಅನ್ನುವುದನ್ನು ಬಿಡಿ ಅಂತ ನಾನು ಕೇಳುತ್ತಿಲ್ಲ. ಅವಳಿಗೂ ಸುಸ್ತಾಗುತ್ತದೆ ಅಂತ ಒಪ್ಪಿಕೊಂಡು ಕರೆಯಿರಿ ಅಂತ ಕೇಳುತ್ತಿದ್ದೇನೆ.

## ನಮ್ಮ ಸೀಮೆಯ ಪ್ರಶ್ನೆಗಳು

ನಾಲೆ ಬಂದು ಮಂಡ್ಯ ಬದಲಾಯ್ತು. ಹೆಂಗಸರಿಗೂ ಒಳ್ಳೇದೇ ಆಯ್ತಲ್ವಾ?

ಹೊಟ್ಟೆಗೆ ಒಳ್ಳೆಯದಾಯಿತು. ಅದನ್ನು ಅಲ್ಲಗಳೆಯುವವರು ಬರಗಾಲ ಕಂಡವರಲ್ಲ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಯಿತು, 1930ರ ದಶಕದ ಹೊತ್ತಿಗೆ ನಾಲೆಯಲ್ಲಿ ನೀರು ಹರಿಯಿತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಹುಟ್ಟಿತು. ರಾಗಿ, ಹುರುಳಿ, ಅವರೆ ಇದ್ದ ಕಡೆ ಭತ್ತ, ಕಬ್ಬು ಬಂದವು.

ಆಮೇಲಿನ ಕಥೆ ಅಷ್ಟು ಸರಳವಾಗಿಲ್ಲ. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಅನ್ನುವ ಸಂಶೋಧಕಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿದರು. ಒಂದಕ್ಕೆ ನಾಲೆ ನೀರು ಬಂದಿತ್ತು, ಇನ್ನೊಂದು ಒಣ ಹಳ್ಳಿ. ಊರಿನ ನಿಜವಾದ ಹೆಸರನ್ನು ಮುಚ್ಚಿಟ್ಟು ವಂಗಲ, ದಲೇನ ಅಂತ ಕರೆದರು. 1970ರಲ್ಲಿ ಅವರು ಮತ್ತೆ ಬಂದರು. ಮೊದಲು ಬಂದಾಗ ಗಂಡಿನ ಕಡೆಯವರು ಹೆಣ್ಣಿಗೆ ತೆರ ಕೊಟ್ಟು ಮದುವೆ ಮಾಡಿಕೊಳ್ಳುತ್ತಿದ್ದರು. ಎರಡನೇ ಸಲ ಬರುವಷ್ಟರಲ್ಲಿ ನೀರಾವರಿ ಹಳ್ಳಿಯ ಅನುಕೂಲಸ್ಥರಲ್ಲಿ ವರದಕ್ಷಿಣೆ ಕಾಲಿಟ್ಟಿತ್ತು.

ಈ ಮಾತನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ನನ್ನಜ್ಜಿಗೆ ತೆರ ಬಂದಿತ್ತು, ನನ್ನವ್ವನ ಮದುವೆಗೆ ಅಜ್ಜ ಸಾಲ ಮಾಡಿದ್ದರು. ನಡುವೆ ಏನಾಯಿತು ಅಂತ ಮನೆಯಲ್ಲಿ ಯಾರೂ ಹೇಳಿರಲಿಲ್ಲ.

ತೆರ ಒಳ್ಳೆಯ ಪದ್ಧತಿ ಅಂತ ನಾನು ಅನ್ನುವುದಿಲ್ಲ, ಅದೂ ಒಂಥರಾ ವ್ಯಾಪಾರವೇ. ಆದರೆ ಹೆಣ್ಣಿನ ದುಡಿಮೆಗೆ ಬೆಲೆ ಇದೆ ಅಂತಾದರೂ ಅದು ಒಪ್ಪಿತ್ತು. ದುಡ್ಡಿನ ಬೆಳೆ ಬಂದಾಗ ದುಡ್ಡು ಗಂಡಸಿನ ಜೇಬಿಗೆ ಹೋಯಿತು. ಅನುಕೂಲ ಆದವರು ಹೆಂಡತಿಯನ್ನು ಗದ್ದೆಗೆ ಕಳಿಸದಿರುವುದೇ ಮರ್ಯಾದೆ ಅಂದುಕೊಂಡರು. ಗದ್ದೆಯಲ್ಲಿ ಕಾಣದ ಹೆಂಗಸು ಲೆಕ್ಕದಲ್ಲಿ ಖರ್ಚಿನ ಬಾಬ್ತಾದಳು.

ಹೆಣ್ಣುಭ್ರೂಣ ಹತ್ಯೆ ಬೇರೆ ವಿಷಯ. ಅದನ್ನು ಯಾಕೆ ಇದರ ಜೊತೆ ಸೇರಿಸ್ತೀರಿ?

2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಅಂತ ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತು. ಇದನ್ನು ತಡೆಯುವ ಕಾನೂನು 1994ರಲ್ಲೇ ಬಂದಿದೆ. ಬೆಲ್ಲ ಬೇಯುವ ಕೊಪ್ಪರಿಗೆಯ ಪಕ್ಕ ಆ ಯಂತ್ರ. ಕಬ್ಬಿನ ಸೀಮೆಯಲ್ಲಿ ಜಮೀನಿಗೆ ಬೆಲೆ ಏರಿದಂತೆ ಮಗಳು ಅಂದರೆ ವರದಕ್ಷಿಣೆ, ಮಗಳು ಅಂದರೆ ಪಾಲು ಅನ್ನುವ ಹೆದರಿಕೆಯೂ ಏರಿತು. ನೆಲದ ಪ್ರಶ್ನೆ ಬೇರೆ, ಹೆಣ್ಣಿನ ಪ್ರಶ್ನೆ ಬೇರೆ ಅಂತ ನನಗೆ ಆಮೇಲೆ ಯಾವತ್ತೂ ಹೇಳಲು ಆಗಿಲ್ಲ.

ಕಳೆನಾಶಕ ಬಂದು ಹೆಂಗಸರ ಸೊಂಟ ಉಳೀತು. ಅದೂ ಬೇಡ ಅಂತೀರಾ?

ಮದ್ದೂರು ಕಡೆಯ ಒಬ್ಬ ತಾಯಿ ಇದನ್ನು ಕೇಳಿದರು. ಕೇಳುವಾಗ ಅವರ ಕೈ ಸೊಂಟದ ಮೇಲೇ ಇತ್ತು. ದಿನವಿಡೀ ಬಗ್ಗಿ ಕಳೆ ಕೀಳುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಹಾಗಾಗಿ ‘ಬೇಡ’ ಅಂತ ಸುಲಭವಾಗಿ ಹೇಳುವ ಹಕ್ಕು ನನಗಿಲ್ಲ. ಆದರೆ ಕಳೆಯ ಜೊತೆ ಏನೇನು ಹೋಯಿತು ಅಂತ ಹೇಳಬಲ್ಲೆ.

ಮುಂಗಾರು ಬಿದ್ದು ಹದಿನೈದು ದಿನಕ್ಕೆ ನಮ್ಮವ್ವ ರಾಗಿ ಹೊಲದ ಬದುವಿನ ಮೇಲೆ ಹೋಗುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಳ್ಳುತ್ತಿದ್ದಳು. ಅಣ್ಣೆ ಸೊಪ್ಪಿನ ಕುಡಿ ಎರಡು, ಗೋಣಿ ಸೊಪ್ಪು ಒಂದು ಹಿಡಿ, ಹೊನಗೊನ್ನೆ, ದಗ್ಗಲರಿವೆ, ಕಾಸಿ ಸೊಪ್ಪು, ನಾಲೆಯ ಅಂಚಿನಲ್ಲಿ ಒಂದೆಲಗ. ಬೇರು ಸಮೇತ ಕೀಳುತ್ತಿರಲಿಲ್ಲ, ಉಗುರಿನಿಂದ ಕುಡಿ ಚಿವುಟುತ್ತಿದ್ದಳು. ನಾನು ತಪ್ಪು ಎಲೆ ತಂದರೆ ಮೂಸಿ ನೋಡಿ ಎಸೆಯುತ್ತಿದ್ದಳು. ಅದೇ ಬೆರಕೆ ಸೊಪ್ಪು. ಅವತ್ತು ರಾತ್ರಿ ಮುದ್ದೆಗೆ ಮಸ್ಸೊಪ್ಪು. ದುಡ್ಡಿಲ್ಲದ ಮನೆಯಲ್ಲಿ ಮೈಗೆ ರಕ್ತ ತುಂಬುತ್ತಿದ್ದ ಊಟ ಅದು.

ಈಗ ನಮ್ಮ ಕಡೆ ತುಂಬಾ ಬಳಕೆಯಲ್ಲಿರುವ 2,4-ಡಿ ಎಂಬ ಕಳೆನಾಶಕ ಹೇಗೆ ಕೆಲಸ ಮಾಡುತ್ತದೆ ನೋಡಿ. ಅದು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ, ಹುಲ್ಲಿನ ಜಾತಿಯನ್ನು ಬಿಡುತ್ತದೆ. ರಾಗಿ, ಭತ್ತ, ಕಬ್ಬು ಮೂರೂ ಹುಲ್ಲಿನ ಜಾತಿ, ಅವು ಉಳಿಯುತ್ತವೆ. ನಮ್ಮವ್ವನ ಮಡಿಲಿನಲ್ಲಿದ್ದ ಸೊಪ್ಪೆಲ್ಲ ಅಗಲ ಎಲೆಯವು. ಡಬ್ಬಿಯ ಮೇಲೆ ಅವಕ್ಕೆಲ್ಲ ಇರುವುದು ಒಂದೇ ಹೆಸರು: ಕಳೆ. ಆ ಹೆಸರಿಟ್ಟವರು ಅಡುಗೆಮನೆಯನ್ನು ಕೇಳಲಿಲ್ಲ.

ಇನ್ನೂ ಎರಡು ನಷ್ಟ ಇವೆ. ಕಳೆ ಕೀಳುವುದು ಭೂಮಿ ಇಲ್ಲದ ಹೆಂಗಸರ ಕೂಲಿ. ಸಿಂಪಡಿಸುವುದು ಗಂಡಸಿನ ಕೂಲಿ, ಒಂದೇ ದಿನದಲ್ಲಿ ಮುಗಿಯುತ್ತದೆ. ಜೊತೆಗೆ, ಸೊಪ್ಪಿನ ಹೆಸರು ಗೊತ್ತಿದ್ದವರ ಮಾತಿಗೆ ಮನೆಯಲ್ಲಿ ಇದ್ದ ತೂಕ ಹೋಯಿತು. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಈಗಲೂ ಕೆಲವು ಸಲ ಬೆರಕೆ ಸೊಪ್ಪಿನ ಕಂತೆ ಸಿಗುತ್ತದೆ. ಬಿಚ್ಚಿದರೆ ಒಳಗೆ ಮೂರು ನಾಲ್ಕು ಥರ ಇದ್ದರೆ ಹೆಚ್ಚು.

ಮದ್ದೂರಿನ ಆ ತಾಯಿಗೆ ನಾನು ಕೊಟ್ಟ ಉತ್ತರ ಇದು. ಸೊಂಟವೂ ಉಳಿಯಬೇಕು, ಸೊಪ್ಪೂ ಉಳಿಯಬೇಕು. ಸಾಲು ನಾಟಿಯಲ್ಲಿ ನಿಂತೇ ತಳ್ಳಿ ಕಳೆ ತೆಗೆಯುವ ಕೋನೋವೀಡರ್ ಅನ್ನುವ ಸಾಧನ ಇದೆ. ಅದನ್ನು ಹೆಂಗಸರ ಎತ್ತರಕ್ಕೆ, ತೋಳಿನ ಬಲಕ್ಕೆ ತಕ್ಕಂತೆ ಮಾಡಿಕೊಡಿ, ಬಾಡಿಗೆಗೆ ಪಂಚಾಯ್ತಿಯಲ್ಲಿ ಸಿಗುವಂತೆ ಮಾಡಿ ಅಂತ ಕೇಳಬೇಕು. ಬದುವಿಗೆ ಔಷಧಿ ಹೊಡೆಯಬೇಡಿ ಅಂತ ಕೇಳಬೇಕು.

ಈಗ ಎಲ್ಲರ ಮನೇಲೂ ಗ್ಯಾಸ್ ಇದೆ. ಸೌದೆ, ಹೊಗೆ ಅಂತ ಹಳೇ ಕಥೆ ಯಾಕೆ?

2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ಸಂಪರ್ಕ ತುಂಬಾ ಮನೆಗೆ ಬಂತು, ಅದು ದೊಡ್ಡ ಕೆಲಸ. ಆದರೆ ಸಿಲಿಂಡರ್ ಮುಗಿದಾಗ ತುಂಬಿಸಲು ದುಡ್ಡು ಬೇಕು. ಹಿತ್ತಲಿನ ಹಂಡೆ ಒಲೆ ನೋಡಿ: ತೆಂಗಿನ ಗರಿ, ಕಬ್ಬಿನ ಸೋಗೆ. ಮುದ್ದೆಯೂ ಅನೇಕ ಕಡೆ ಸೌದೆ ಒಲೆಯಲ್ಲೇ ಆಗುತ್ತದೆ. ಕಥೆ ಅರ್ಧ ಮುಗಿದಿದೆ.

ನಾವು ಮೈಸೂರಿನವರು. ಹೊಲ ಇಲ್ಲ, ಹಸು ಇಲ್ಲ. ನಮಗೇನು?

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು ಬಂತು. ಆ ಹೆಸರು ತಂದವರು ಬೆಳಗಿನ ಜಾವ ಬೀದಿಗಿಳಿಯುವ ಪೌರಕಾರ್ಮಿಕರು. ಅವರಲ್ಲಿ ಹೆಂಗಸರು ಬಹಳ ಜನ. ನಾವು ಹಸಿಕಸದ ಜೊತೆ ಬಿಸಾಕಿದ ಪ್ಯಾಡು, ಒಡೆದ ಬಲ್ಬು ಅವರ ಬರಿಗೈಗೆ ಸಿಗುತ್ತದೆ. ನಿಮ್ಮ ಬೀದಿಗೆ ಬರುವವರಿಗೆ ಕೈಗವಸು ಕೊಟ್ಟಿದ್ದಾರಾ, ಶೌಚಾಲಯಕ್ಕೆ ಹೋಗಲು ಜಾಗ ಇದೆಯಾ ಅಂತ ಒಮ್ಮೆ ಕೇಳಿ ನೋಡಿ.

ಪ್ಲಾಸ್ಟಿಕ್ ಬೇಡ, ಕಾಂಪೋಸ್ಟ್ ಮಾಡಿ, ಬಟ್ಟೆ ಪ್ಯಾಡ್ ಒಗೆಯಿರಿ. ಕೊನೆಗೆ ಕೆಲಸ ಎಲ್ಲ ನಮ್ಮ ತಲೆ ಮೇಲೇ ಅಲ್ವಾ?

ಹೌದು. ಕುವೆಂಪುನಗರದ ಒಂದು ಸಭೆಯಲ್ಲಿ ಒಬ್ಬ ಹುಡುಗಿ ಇದನ್ನು ಕೋಪದಿಂದ ಕೇಳಿದಳು, ಆ ಕೋಪ ನ್ಯಾಯವಾದದ್ದು. ಹಸಿರು ಮನೆ ಅಂದರೆ ಅವ್ವನ ಕೆಲಸ ಎರಡು ಗಂಟೆ ಜಾಸ್ತಿ ಅಂತಾದರೆ ಅದರಲ್ಲಿ ಸ್ತ್ರೀವಾದ ಎಲ್ಲಿ ಬಂತು? ನಮ್ಮ ಮನೆಯಲ್ಲಿ ಕಾಂಪೋಸ್ಟ್ ಡ್ರಮ್ ತಿರುವುವುದು ನನ್ನ ಗಂಡನ ಕೆಲಸ. ಅವರು ಊರಲ್ಲಿಲ್ಲದಾಗ ಅದು ಕಾಯುತ್ತದೆ. ಮುಟ್ಟಿನ ವಿಷಯದಲ್ಲಿ ನನ್ನ ನಿಲುವು ಗಟ್ಟಿ: ಪ್ಯಾಡೋ ಬಟ್ಟೆಯೋ ಕಪ್ಪೋ, ಬಳಸುವವಳ ಮೈ, ಅವಳದೇ ಆಯ್ಕೆ. ಒಗೆದು ಬಿಸಿಲಿಗೆ ಹರವಲು ಜಾಗವೇ ಇಲ್ಲದವಳಿಗೆ ಪರಿಸರದ ಪಾಠ ಹೇಳಲು ಹೋಗಬಾರದು. ತಯಾರಿಸುವವರನ್ನು ಕೇಳಿ, ನಗರಪಾಲಿಕೆಯನ್ನು ಕೇಳಿ.

## ಇನ್ನೂ ಆಳದ ಪ್ರಶ್ನೆಗಳು

ಇದು ಕಷ್ಟಗಳ ಪಟ್ಟಿ ಆಯ್ತು. ಇದರಲ್ಲಿ ಸಿದ್ಧಾಂತ ಎಲ್ಲಿದೆ?

ಅಮೆರಿಕದ ಚರಿತ್ರೆಕಾರ್ತಿ ಕ್ಯಾರೊಲಿನ್ ಮರ್ಚೆಂಟ್ 1980ರಲ್ಲಿ ಒಂದು ವಾದ ಮಂಡಿಸಿದರು. ಯುರೋಪಿನಲ್ಲಿ ಮೊದಲು ಭೂಮಿಯನ್ನು ಜೀವ ಇರುವ ತಾಯಿ ಅಂತ ನೋಡುತ್ತಿದ್ದರು, ಅದರ ಒಡಲು ಬಗೆಯಲು ಅಂಜಿಕೆ ಇತ್ತು. 16, 17ನೇ ಶತಮಾನದಲ್ಲಿ ಅದನ್ನು ಬಿಚ್ಚಿ ಜೋಡಿಸಬಹುದಾದ ಯಂತ್ರ ಅಂತ ನೋಡತೊಡಗಿದಾಗ ಅಂಜಿಕೆ ಹೋಯಿತು. ಹೆಣ್ಣನ್ನು ಹತೋಟಿಯಲ್ಲಿಡುವ ಮಾತೂ ಪ್ರಕೃತಿಯನ್ನು ಹತೋಟಿಯಲ್ಲಿಡುವ ಮಾತೂ ಒಂದರೊಳಗೊಂದು ಬೆರೆತವು.

ಇನ್ನೊಂದು ಎಳೆ ಲೆಕ್ಕದ್ದು. ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್ ಸಂಸದೆಯಾಗಿದ್ದವರು. ದೇಶದ ಆದಾಯದ ಲೆಕ್ಕದಲ್ಲಿ ಏನೆಲ್ಲ ಬಿಟ್ಟುಹೋಗುತ್ತದೆ ಅಂತ 1988ರಲ್ಲಿ ತೋರಿಸಿದರು. ಮರ ಕಡಿದು ಮಾರಿದರೆ ಆದಾಯ, ನಿಂತ ಮರಕ್ಕೆ ಸೊನ್ನೆ. ಹೋಟೆಲಿನ ಊಟ ಆದಾಯ, ಅವ್ವನ ಅಡುಗೆಗೆ ಸೊನ್ನೆ. ಎರೆಹುಳುವೂ ಅವ್ವನೂ ಒಂದೇ ಕಾಲಂನಲ್ಲಿ, ಖಾಲಿ ಕಾಲಂನಲ್ಲಿ, ಕೂತಿದ್ದಾರೆ.

ಚಿಪ್ಕೊ, ಅಪ್ಪಿಕೊ ಹೆಂಗಸರ ಚಳವಳಿ ಅಂತ ಹೇಳಬಹುದಾ?

ಪೂರ್ತಿ ಹಾಗನ್ನಲು ಬರುವುದಿಲ್ಲ. ಚಿಪ್ಕೊ ಅಂದರೆ ಹಿಮಾಲಯದಲ್ಲಿ ಮರ ಉಳಿಸಲು ನಡೆದ ಚಳವಳಿ, ರೇಣಿಯ ಪ್ರಸಂಗ ಅದರದ್ದೇ. ಅದರಲ್ಲಿ ಗಂಡಸು ನಾಯಕರಿದ್ದರು. ನಮ್ಮ ಅಪ್ಪಿಕೊ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿಯ ಸಾಲ್ಕಣಿಯ ಕಾಡಿನಲ್ಲಿ ಶುರುವಾದಾಗ ಗಂಡಸರು, ಹೆಂಗಸರು ಇಬ್ಬರೂ ಮರ ಅಪ್ಪಿದರು. ಆದರೆ ಉತ್ತರಾಖಂಡದ ಡುಂಗ್ರಿ-ಪೈಂತೋಲಿಯ ಪ್ರಸಂಗ ನನಗೆ ಮುಖ್ಯ. 1980ರಲ್ಲಿ ಅಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಕೊಡುತ್ತೇವೆ ಅಂದಾಗ ಊರಿನ ಗಂಡಸರು ಓಕ್ ಕಾಡನ್ನು ಬಿಟ್ಟುಕೊಡಲು ಒಪ್ಪಿದರು. ಹೆಂಗಸರು ಒಪ್ಪಲಿಲ್ಲ. ಕಾಡು ಹೋದರೆ ಮೇವು, ಸೌದೆಗೆ ಎಷ್ಟು ದೂರ ನಡೆಯಬೇಕು ಅಂತ ಅವರ ಕಾಲಿಗೆ ಗೊತ್ತಿತ್ತು. ಅವರು ಗೆದ್ದರು. ಒಂದೇ ಮನೆಯೊಳಗೆ ಎರಡು ಹಿತಾಸಕ್ತಿ ಇರುತ್ತವೆ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ.

‘ಹೆಂಗಸರು’ ಅಂತ ಒಟ್ಟಿಗೆ ಹೇಳ್ತೀರಿ. ನಮ್ಮ ಕೇರಿಯವರನ್ನು ಕೆರೆಗೇ ಬಿಡ್ತಿರಲಿಲ್ಲ. ಆಗ ಈ ಪರಿಸರದವರು ಎಲ್ಲಿದ್ರು?

ಈ ಪ್ರಶ್ನೆಗೆ ನನ್ನ ತಲೆ ತಗ್ಗುತ್ತದೆ. ಹಳೆಯ ಕೆರೆ, ಹಳೆಯ ಬಾವಿ ಅಂತ ನಾವು ಹೊಗಳುವಾಗ ಆ ಬಾವಿಯ ಕಟ್ಟೆ ಯಾರನ್ನು ದೂರ ನಿಲ್ಲಿಸಿತ್ತು ಅಂತ ಹೇಳುವುದಿಲ್ಲ. ಅಂಬೇಡ್ಕರ್ 1927ರಲ್ಲಿ ಮಹಾರಾಷ್ಟ್ರದ ಮಹಾಡದಲ್ಲಿ, ದಲಿತರನ್ನು ಬಿಡದಿದ್ದ ಚವದಾರ್ ಕೆರೆಯ ನೀರು ಕುಡಿದದ್ದು ಈ ದೇಶದ ದೊಡ್ಡ ಪರಿಸರ ಹೋರಾಟಗಳಲ್ಲಿ ಒಂದು. ಪರಿಸರದ ಪಠ್ಯಗಳಲ್ಲಿ ಅದು ಯಾಕಿಲ್ಲ? ಕೊಡ ಕೆಳಗಿಟ್ಟು, ಯಾರಾದರೂ ಮೇಲಿನಿಂದ ನೀರು ಸುರಿಯಲಿ ಅಂತ ಕಾದು ನಿಂತವರು ಹೆಚ್ಚಾಗಿ ಹೆಂಗಸರೇ. ಈಗಲೂ ಬದುವಿನ ಹುಲ್ಲು ಕೊಯ್ಯಲು ಭೂಮಿ ಇಲ್ಲದವಳು ಗದ್ದೆಯ ಒಡೆಯನ ಮಾತು ಕೇಳಬೇಕು. ಜಾತಿಯನ್ನು ಬಿಟ್ಟು ಬರೆದ ಪರಿಸರ ಸ್ತ್ರೀವಾದ ಮೇಲುಜಾತಿಯ ಹಿತ್ತಲಿನ ತೋಟ ಅಷ್ಟೇ.

ಜನ ಜಾಸ್ತಿ ಆಗಿದ್ದೇ ಮೂಲ. ಹೆಂಗಸರು ಕಡಿಮೆ ಹೆತ್ತರೆ ಭೂಮಿ ಉಳಿಯಲ್ವಾ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು 1.7. ಎರಡಕ್ಕಿಂತ ಕಡಿಮೆ. ಅದೇ ಸಮೀಕ್ಷೆಯಲ್ಲಿ ದೇಶದ ಮದುವೆಯಾದ ಹೆಂಗಸರಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು ನೂರಕ್ಕೆ ಸುಮಾರು 38. ಗಂಡನಿಗೆ ಆ ಚಿಕಿತ್ಸೆ ಆಗಿರುವುದು ನೂರಕ್ಕೆ ಒಂದೂ ಇಲ್ಲ, 0.3. ಗಂಡಸಿನ ಚಿಕಿತ್ಸೆ ಸುಲಭದ್ದು, ಬೇಗ ವಾಸಿಯಾಗುವಂಥದ್ದು. ಭೂಮಿಯ ಭಾರ ಇಳಿಸುವ ಕತ್ತರಿಯೂ ಹೆಣ್ಣಿನ ಹೊಟ್ಟೆಗೇ ಬಿದ್ದಿದೆ.

ಜಮೀನು ಹೆಣ್ಣುಮಕ್ಕಳ ಹೆಸರಿಗೆ ಆದರೆ ಪರಿಸರ ತಾನಾಗೇ ಸರಿಹೋಗುತ್ತಾ?

ತಾನಾಗೇ ಏನೂ ಆಗುವುದಿಲ್ಲ. ಪಹಣಿಯಲ್ಲಿ ಹೆಸರು ಇರುವ ಹೆಂಗಸೂ ಕಬ್ಬನ್ನೇ ಹಾಕಬಹುದು, ಔಷಧಿಯನ್ನೇ ಹೊಡೆಸಬಹುದು. ಆದರೆ ಹೆಸರಿಲ್ಲದವಳಿಗೆ ಬೇರೆ ಬೆಳೆ ಹಾಕೋಣ ಅನ್ನುವ ದಾರಿಯೇ ಇಲ್ಲ. ಸಾಲ ಇಲ್ಲ, ಬೆಳೆವಿಮೆ ಇಲ್ಲ, ‘ರೈತ’ ಅನ್ನುವ ಗುರುತೂ ಇಲ್ಲ. 2015ರಲ್ಲಿ ನಮ್ಮ ಜಿಲ್ಲೆಯಲ್ಲಿ ಒಬ್ಬರ ಹಿಂದೆ ಒಬ್ಬರು ಕಬ್ಬು ಬೆಳೆಗಾರರು ಜೀವ ಕಳಕೊಂಡಾಗ, ಸಾಲ ಎಷ್ಟಿತ್ತು ಅಂತ ಎಷ್ಟೋ ಹೆಂಡತಿಯರಿಗೆ ಗೊತ್ತಾದದ್ದು ಸಾವಿನ ಮನೆಗೆ ಸಾಲ ಕೊಟ್ಟವರು ಬಂದಾಗ.

2015–16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14. ಗದ್ದೆಯಲ್ಲಿ ಬಗ್ಗಿರುವವರಲ್ಲಿ ಅವರೆಷ್ಟು ಅಂತ ನಾನು ಹೇಳಬೇಕಾಗಿಲ್ಲ. ಕಾನೂನು ಅಡ್ಡ ಬಂದಿಲ್ಲ. 2005ರ ತಿದ್ದುಪಡಿ ಹಿಂದೂ ಕುಟುಂಬದ ಮಗಳಿಗೆ ಮಗನಷ್ಟೇ ಪಾಲು ಕೊಟ್ಟಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಅಂತ ಗಟ್ಟಿ ಮಾಡಿತು. ಅಡ್ಡ ಬರುವುದು ‘ಅರಿಶಿನ ಕುಂಕುಮಕ್ಕೆ’ ಅಂತ ಒಂದಿಷ್ಟು ಕೊಟ್ಟು ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರ. ಇಪ್ಪತ್ತಾರನೇ ವಯಸ್ಸಿನಲ್ಲಿ ನಾನೂ ಅಂಥ ಕಾಗದಕ್ಕೆ ಸಹಿ ಹಾಕಿದ್ದೇನೆ. ಓದಲಿಲ್ಲ. ಬೆರಳಿಟ್ಟು ತೋರಿಸಿದ ಕಡೆ ಬರೆದೆ. ತವರಿನ ಬಾಗಿಲು ಮುಚ್ಚಿಹೋದೀತು ಅನ್ನುವ ಭಯ. ಅವ್ವ ಸೊಪ್ಪು ಕೀಳುತ್ತಿದ್ದ ಬದು ಆ ಕಾಗದದಲ್ಲಿ ಒಂದು ಸರ್ವೆ ನಂಬರ್ ಆಗಿತ್ತು.

ನಾನು ಗಂಡಸು. ನನಗಿಲ್ಲಿ ಜಾಗ ಇದೆಯಾ?

ಇದೆ. ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಮುಖಕ್ಕೆ ಟವೆಲ್ ಸುತ್ತಿ ಗದ್ದೆಗಿಳಿಯುವುದು ನೀವೇ, ಆ ವಿಷ ಉಸಿರಾಡುವುದೂ ನೀವೇ. ತಂಗಿಯ ಮುಂದೆ ಬಿಡುಗಡೆ ಪತ್ರ ಇಡದಿದ್ದರೆ ಸಾಕು, ಅರ್ಧ ಕೆಲಸ ಆಯಿತು.

ಸರಿ, ಎಲ್ಲಿಂದ ಶುರು ಮಾಡಲಿ? ದೊಡ್ಡ ದೊಡ್ಡ ಮಾತು ಬೇಡ.

2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮದಲ್ಲಿ ಸಮಿತಿಗೆ ನೇಮಿಸುವ ಸದಸ್ಯರಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು ಅಂತಿತ್ತು. ಊರಿನ ಗಿಡ, ಮರ, ಬೀಜ, ಅವುಗಳ ಬಗ್ಗೆ ಜನರಿಗೆ ಗೊತ್ತಿರುವುದನ್ನು ಬರೆದಿಡುವ ದಾಖಲೆ ಪುಸ್ತಕವೂ ಅಲ್ಲಿರಬೇಕು. ಪಂಚಾಯ್ತಿಗೆ ಹೋಗಿ ಆ ಪುಸ್ತಕ ತೋರಿಸಿ ಅಂತ ಕೇಳಿ. ಸಮಿತಿಯಲ್ಲಿರುವ ಹೆಂಗಸರು ಯಾರು ಅಂತ ಕೇಳಿ, ಅವರ ಮನೆಗೆ ಹೋಗಿ, ಸಭೆಗೆ ಕರೆದಿದ್ದರಾ ಅಂತ ವಿಚಾರಿಸಿ.

ನಾನು ನೋಡಿದ ಒಂದು ಪುಸ್ತಕದಲ್ಲಿ ಬೇವು, ಹೊಂಗೆ, ಆಲ, ಅರಳಿ ಎಲ್ಲ ಇದ್ದವು. ಸೊಪ್ಪಿನ ಪುಟದಲ್ಲಿ ಇದ್ದದ್ದು ಒಂದೇ ಸಾಲು: ‘ಇತರೆ ಕಳೆ ಗಿಡಗಳು’. ಊರಿನ ಮೂವರು ಮುದುಕಿಯರನ್ನು ಜಗಲಿ ಮೇಲೆ ಕೂರಿಸಿಕೊಂಡು ಕೇಳಿದೆವು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದಿದರು, ಒಂದು ಸೊಪ್ಪಿನ ಹೆಸರಿಗೆ ಜಗಳವೇ ಆಯಿತು. ಹೊತ್ತು ಮುಳುಗುವಷ್ಟರಲ್ಲಿ ಇಪ್ಪತ್ತೆರಡು ಹೆಸರು ಆಗಿದ್ದವು. ಪಂಚಾಯ್ತಿ ಗುಮಾಸ್ತರು ಆ ಸಾಲು ಹೊಡೆದುಹಾಕಿ ಬರೆಯತೊಡಗಿದರು: ಒಂದು, ಅಣ್ಣೆ ಸೊಪ್ಪು.